ಕಾವಲು ತಪ್ಪಿದಾಗ ಉತ್ತರ ಹೇಳಬೇಕಾದವರು ಯಾರು?

ಚೆನ್ನೈಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಓಡಾಡುವ ಕನ್ನಡ ವಿದ್ಯಾರ್ಥಿಗಳಿಗೆಲ್ಲ ಶ್ರೀಪೆರಂಬುದೂರು ಗೊತ್ತಿರುವ ಊರೇ. ಮೇಲುಕೋಟೆಯಲ್ಲಿ ನೆಲೆಸಿದ್ದ ರಾಮಾನುಜಾಚಾರ್ಯರು ಹುಟ್ಟಿದ್ದು ಅಲ್ಲಿ. 1991ರ ಮೇ 21ರ ರಾತ್ರಿ ಹತ್ತು ಗಂಟೆ ದಾಟಿದ ಮೇಲೆ, ಚುನಾವಣಾ ಸಭೆಗೆ ಬಂದ ಮಾಜಿ ಪ್ರಧಾನಿ ರಾಜೀವ್ ಗಾಂಧಿ ಬಾಂಬಿಗೆ ಬಲಿಯಾದದ್ದೂ ಅಲ್ಲೇ.

ಈ ಕೊಲೆಯ ಬಗ್ಗೆ ಮಾತು ಬಂದಾಗಲೆಲ್ಲ ಎರಡು ಪ್ರಶ್ನೆಗಳನ್ನು ನಾವು ಒಂದಕ್ಕೊಂದು ಬೆರೆಸಿಬಿಡ್ತೀವಿ. ಕೊಂದವರು ಯಾರು ಅನ್ನೋದು ಒಂದು ಪ್ರಶ್ನೆ. ಕಾಯಬೇಕಾಗಿದ್ದವರು ಏನು ಮಾಡ್ತಿದ್ದರು ಅನ್ನೋದು ಇನ್ನೊಂದು. ಮೊದಲನೆಯದನ್ನು ಕರ್ನಾಟಕ ಕೇಡರಿನ ಪೊಲೀಸ್ ಅಧಿಕಾರಿ ಡಿ.ಆರ್. ಕಾರ್ತಿಕೇಯನ್ ಅವರ ನೇತೃತ್ವದ ತನಿಖಾ ದಳ ಬೆನ್ನುಹತ್ತಿತು. ಆ ಜಾಡು ಬೆಂಗಳೂರಿನ ಕೋಣನಕುಂಟೆಯವರೆಗೂ ಬಂತು. 1998ರ ಜನವರಿಯಲ್ಲಿ ಪೂನಮಲ್ಲಿಯ ವಿಶೇಷ ನ್ಯಾಯಾಲಯ 26 ಜನರಿಗೆ ಮರಣದಂಡನೆ ವಿಧಿಸಿತು. 1999ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ನಾಲ್ವರಿಗೆ ಮಾತ್ರ ಅದನ್ನು ಉಳಿಸಿ, ಮೂವರಿಗೆ ಜೀವಾವಧಿ ಕೊಟ್ಟು, ಮಿಕ್ಕ 19 ಜನರನ್ನು ಬಿಡುಗಡೆ ಮಾಡಿತು. ಜೈಲಿನಲ್ಲಿ ಉಳಿದಿದ್ದವರೂ 2022ರಲ್ಲಿ ಹೊರಬಂದರು. ತೀರ್ಪು ಸರಿಯೋ ತಪ್ಪೋ, ಆ ಪ್ರಶ್ನೆಗೆ ಒಂದು ಕೊನೆ ಅಂತ ಸಿಕ್ಕಿತು.

ಎರಡನೆಯ ಪ್ರಶ್ನೆಗೆ ಆಯೋಗವೊಂದು ನೇಮಕವಾಯಿತು. ಕೊಲೆಯಾದ ವಾರದೊಳಗೇ, ಮೇ 27ರಂದು, ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಅವರಿಗೆ ಭದ್ರತಾ ಲೋಪದ ವಿಚಾರಣೆ ಒಪ್ಪಿಸಲಾಯಿತು. (ಪಿತೂರಿಯ ವಿಚಾರಣೆ ನಡೆಸಿದ ಜೈನ್ ಆಯೋಗ ಬೇರೆ.) 1992ರ ಜೂನಿನಲ್ಲಿ ವರ್ಮಾ ವರದಿ ಕೊಟ್ಟರು. ತಪ್ಪು ಒಬ್ಬರದಲ್ಲ, ಕೇಂದ್ರ ಸರ್ಕಾರ, ಗುಪ್ತಚರ ವಿಭಾಗ, ತಮಿಳುನಾಡಿನ ಪೊಲೀಸರು, ಸಭೆ ನಡೆಸಿದ ಪಕ್ಷದವರು, ಎಲ್ಲರದೂ ಪಾಲಿದೆ ಎಂಬುದು ವರದಿಯ ಸಾರ.

ಎಲ್ಲರದೂ ತಪ್ಪು ಅಂದಾಗಲೇ ನಾವು ಎಚ್ಚರವಾಗಬೇಕು. ಎಲ್ಲರದೂ ಅಂದರೆ ಯಾರದೂ ಅಲ್ಲ ಅಂತ ಆಗಿಬಿಡೋದು ಸುಲಭ. ಆದ್ದರಿಂದ ಆ ಪಾಲುಗಳನ್ನು ಬಿಡಿಸಿ ನೋಡೋಣ.

ಮೇಲಿನ ಮೆಟ್ಟಿಲು ದಿಲ್ಲಿ. 1984ರ ಅಕ್ಟೋಬರ್ 31ರಂದು ಇಂದಿರಾ ಗಾಂಧಿಯವರನ್ನು ಅವರ ಕಾವಲಿನವರೇ ಗುಂಡಿಟ್ಟು ಕೊಂದರು. ಬೇಲಿಯೇ ಎದ್ದು ಹೊಲ ಮೇಯ್ದಂತಾಯಿತು. ಅದಾದ ಮೇಲೆ, 1985ರಲ್ಲಿ, ಎಸ್.ಪಿ.ಜಿ. ಎಂಬ ವಿಶೇಷ ರಕ್ಷಣಾ ದಳ ಹುಟ್ಟಿತು. 1988ರ ಕಾಯಿದೆಯ ಪ್ರಕಾರ ಅದರ ರಕ್ಷಣೆ ಪ್ರಧಾನಿಗೂ ಅವರ ಕುಟುಂಬಕ್ಕೂ ಮಾತ್ರ. 1989ರ ಚುನಾವಣೆಯಲ್ಲಿ ರಾಜೀವ್ ಸೋತು ಕುರ್ಚಿ ಬಿಟ್ಟರು, ವಿ.ಪಿ. ಸಿಂಗ್ ಸರ್ಕಾರ ಆ ಕಾವಲನ್ನು ತೆಗೆಯಿತು. ಕುರ್ಚಿ ಹೋಯಿತು, ಅಪಾಯ ಹೋಗಲಿಲ್ಲ. ಮಾಜಿ ಪ್ರಧಾನಿಗಳನ್ನೂ ಸೇರಿಸಿ ಕಾಯಿದೆ ತಿದ್ದಿದ್ದು 1991ರಲ್ಲಿ, ಕೊಲೆಯಾದ ಮೇಲೆ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದ ಹಾಗೆ. ಇನ್ನೊಂದು ಸಂಗತಿ: 1991ರ ಜನವರಿ 30ರಿಂದ ತಮಿಳುನಾಡು ರಾಷ್ಟ್ರಪತಿ ಆಳ್ವಿಕೆಯಲ್ಲಿತ್ತು. ರಾಜ್ಯ ಸರ್ಕಾರದ ಮೇಲೆ ಹೊರಿಸೋಣವೆಂದರೆ ಚುನಾಯಿತ ಸರ್ಕಾರವೇ ಇರಲಿಲ್ಲ.

ಕೆಳಗಿನ ಮೆಟ್ಟಿಲು ಸಭೆಯ ಮೈದಾನ. ರಾತ್ರಿ ಹೊತ್ತು, ಜನಜಂಗುಳಿ, ಹಾರ ಹಿಡಿದು ಮುನ್ನುಗ್ಗುವ ಕಾರ್ಯಕರ್ತರು. ಸೊಂಟಕ್ಕೆ ಬಾಂಬು ಕಟ್ಟಿಕೊಂಡಿದ್ದ ಧನು ರಾಜೀವರ ಕಾಲ ಬಳಿಯವರೆಗೂ ಬಂದಳು. ಅನಸೂಯಾ ಎಂಬ ಮಹಿಳಾ ಪೊಲೀಸ್ ತಾನು ಆಕೆಯನ್ನು ತಡೆದದ್ದಾಗಿಯೂ, ಎಲ್ಲರಿಗೂ ಅವಕಾಶ ಸಿಗಲಿ ಎಂದು ರಾಜೀವರೇ ಅಂದದ್ದಾಗಿಯೂ ಹೇಳಿದ್ದಾರೆ. ಆಕೆ ಗಾಯಗೊಂಡು ಬದುಕಿದರು. ಒಂಬತ್ತು ಪೊಲೀಸರು ಸತ್ತರು, ಅವರಲ್ಲಿ ಎಸ್.ಪಿ. ಒಬ್ಬರೂ ದಿಲ್ಲಿಯಿಂದ ರಾಜೀವರ ಜೊತೆ ಬಂದಿದ್ದ ಅಂಗರಕ್ಷಕರೂ ಇದ್ದರು. ಕೆಳಗಿನ ಮೆಟ್ಟಿಲಿನವರು ಹೀಗೆ ಪ್ರಾಣದಲ್ಲೇ ಲೆಕ್ಕ ಒಪ್ಪಿಸಿದರು.

ನಡುವಿನ ಮೆಟ್ಟಿಲಿನ ಅಧಿಕಾರಿಗಳ ಕತೆ ಏನು? ಅಲ್ಲಿನ ಪೊಲೀಸ್ ಬಂದೋಬಸ್ತಿನ ಹೊಣೆ ಹೊತ್ತಿದ್ದ ಹಿರಿಯ ಅಧಿಕಾರಿ ಐ.ಜಿ. ಆರ್.ಕೆ. ರಾಘವನ್ ಅಂದು ಸ್ಥಳದಲ್ಲೇ ಇದ್ದರು. 1999ರಲ್ಲಿ ಅವರು ಸಿ.ಬಿ.ಐ. ನಿರ್ದೇಶಕರಾದರು. ಬಡ್ತಿ ಸಿಕ್ಕಿತು ಅನ್ನೋದರಿಂದ ಅವರು ತಪ್ಪಿತಸ್ಥರು ಅಂತಲೂ ಆಗೋದಿಲ್ಲ, ನಿರ್ದೋಷಿ ಅಂತಲೂ ಆಗೋದಿಲ್ಲ. ಬಡ್ತಿಯ ಆದೇಶ ಆ ಪ್ರಶ್ನೆಗೆ ಉತ್ತರವೇ ಅಲ್ಲ. ಉತ್ತರ ಸಿಗಬೇಕಾದ ದಾರಿ ಬೇರೆ ಇದೆ.

ಆ ದಾರಿ ಹೀಗಿದೆ. 1952ರ ವಿಚಾರಣಾ ಆಯೋಗಗಳ ಕಾಯಿದೆಯಂತೆ ಆಯೋಗ ಸಾಕ್ಷಿ ಕರೆಯಬಹುದು, ಕಡತ ತರಿಸಬಹುದು. ಯಾರ ಹೆಸರಿಗೆ ಧಕ್ಕೆ ಬರುವಂತಿದೆಯೋ ಅವರ ಮಾತನ್ನು ಕೇಳಲೇಬೇಕು. ಶಿಕ್ಷೆ ಕೊಡುವ ಅಧಿಕಾರ ಮಾತ್ರ ಅದಕ್ಕಿಲ್ಲ. ವರದಿ ಬರೀ ಸಲಹೆ. ಏನು ಕ್ರಮ ಕೈಗೊಂಡೆವು ಎಂಬ ಟಿಪ್ಪಣಿಯ ಜೊತೆ ಸರ್ಕಾರ ಅದನ್ನು ಆರು ತಿಂಗಳೊಳಗೆ ಸದನದ ಮುಂದಿಡಬೇಕು. ಆಮೇಲೆ ಶುರುವಾಗೋದು ಇಲಾಖಾ ವಿಚಾರಣೆ. ಸಂವಿಧಾನದ 311ನೇ ವಿಧಿಯಂತೆ, ಆರೋಪ ತಿಳಿಸಿ ಅಧಿಕಾರಿಯ ಉತ್ತರ ಕೇಳದೆ ಅವರನ್ನು ವಜಾ ಮಾಡುವ ಹಾಗಿಲ್ಲ. ಐ.ಪಿ.ಎಸ್. ಅಧಿಕಾರಿ ರಾಜ್ಯದಲ್ಲಿ ದುಡಿದರೂ ವಜಾ ಮಾಡುವ ಅಧಿಕಾರ ಕೇಂದ್ರದ್ದು. ಕಡತ ಚೆನ್ನೈಗೂ ದಿಲ್ಲಿಗೂ ಓಡಾಡುತ್ತಾ ಇರುವಾಗ ವರ್ಷ ಉರುಳುತ್ತೆ. ನಿವೃತ್ತಿಯಾಗಿಬಿಟ್ಟರೆ, ನಾಲ್ಕು ವರ್ಷಕ್ಕಿಂತ ಹಳೆಯ ಸಂಗತಿಗೆ ಹೊಸದಾಗಿ ಇಲಾಖಾ ವಿಚಾರಣೆ ಹೂಡುವಂತಿಲ್ಲ.

ಕಾನೂನಿನ ಇನ್ನೊಂದು ತೊಡಕನ್ನು ತಿಳಿಯಲು ಅಸ್ಸಾಮಿನ ಹಳೆಯ ಪ್ರಕರಣವೊಂದನ್ನು ನೋಡಬೇಕು. 1960ರ ಭಾಷಾ ಗಲಭೆಯಲ್ಲಿ ನೌಗಾಂವ್ ಜಿಲ್ಲೆಯ ಡೆಪ್ಯುಟಿ ಕಮಿಷನರ್ ಜೆ. ಅಹ್ಮದ್ ಸಕಾಲದಲ್ಲಿ ಕ್ರಮ ಕೈಗೊಳ್ಳಲಿಲ್ಲ ಎಂದು ಅವರನ್ನು ಕೆಲಸದಿಂದ ತೆಗೆದರು. 1979ರಲ್ಲಿ ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ದಕ್ಷತೆ ಸಾಲದು, ಮುಂದಾಲೋಚನೆ ಸಾಲದು ಎಂಬುದೇ ದುರ್ನಡತೆ ಆಗೋದಿಲ್ಲ ಎಂದಿತು. ಆದರೆ ಕಾವಲಿನ ಜಾಗದಲ್ಲಿ ನಿದ್ದೆಹೋಗಿ ಶತ್ರುವನ್ನು ಒಳಬಿಟ್ಟ ಪಹರೆಯವನಂಥ ಘೋರ ಅಲಕ್ಷ್ಯ ಬೇರೆ, ಅದು ದುರ್ನಡತೆಯೇ ಎಂದೂ ಹೇಳಿತು.

ಈ ಗೆರೆ ನ್ಯಾಯವಾದದ್ದೇ. ಸಂಚುಗಾರ ಹತ್ತು ದಾರಿ ಹುಡುಕ್ತಾನೆ. ಕಾಯುವವನು ಹತ್ತನ್ನೂ ಮುಚ್ಚಬೇಕು. ಸೋತ ಕಾವಲುಗಾರರನ್ನೆಲ್ಲ ಶಿಕ್ಷಿಸಿದರೆ ಆ ಕೆಲಸಕ್ಕೆ ಯಾರೂ ನಿಲ್ಲೋದಿಲ್ಲ. ಹಾಗಂತ, ನಿದ್ದೆಹೋದವನು ಯಾರು, ಎಚ್ಚರವಿದ್ದೂ ಸೋತವನು ಯಾರು ಅಂತ ಬೇರ್ಪಡಿಸದೆ ಬಿಟ್ಟರೆ ಇಬ್ಬರಿಗೂ ಅನ್ಯಾಯ. ಒಳ್ಳೆಯ ಅಧಿಕಾರಿಯ ಮೇಲೆ ಜನ್ಮವಿಡೀ ಅನುಮಾನ ಉಳಿಯುತ್ತೆ. ಅಲಕ್ಷ್ಯ ಮಾಡಿದವನು ಮುಂದಿನ ಊರಿನಲ್ಲಿ ಮತ್ತೆ ಅದೇ ಕಾವಲಿಗೆ ನಿಲ್ತಾನೆ.

ಆದ್ದರಿಂದ ನಾವು ಕೇಳಬೇಕಾದದ್ದು ಯಾರದಾದರೂ ತಲೆದಂಡವನ್ನಲ್ಲ. ಯಾವ ಕೆಲಸದ ಹೊಣೆ ಯಾರದು ಎಂದು ಸಭೆಗೆ ಮುಂಚೆಯೇ ಬರಹದಲ್ಲಿ ಇತ್ತೇ? ತಪಾಸಣೆ ಬೇಡ ಎಂದು ಪಕ್ಷದವರು ಅಡ್ಡಬಂದಾಗ ಅಲ್ಲವೆನ್ನುವ ಅಧಿಕಾರ ಅಲ್ಲಿದ್ದ ಅಧಿಕಾರಿಗೆ ಇತ್ತೇ? ಇದ್ದೂ ಬಳಸದೆ ಹೋದರೆ, ಅಥವಾ ಬಳಸಿದ್ದರೆ, ಅದನ್ನು ಕಾರಣಸಹಿತ ಬರೆದ ಆದೇಶವನ್ನು ನಮ್ಮ ಮುಂದಿಟ್ಟರೇ? ಮುಂದೆ ಯಾವುದೇ ಊರಿನ ಆಯೋಗದ ವರದಿ ಕೈಗೆ ಬಂದಾಗ, ಗೆಳೆಯರೇ, ಮೊದಲು ಅದರ ಜೊತೆ ಬರುವ ಕ್ರಮದ ಟಿಪ್ಪಣಿಯನ್ನು ಓದಿ. ವರದಿಯಲ್ಲಿ ಹೆಸರಿರುವ ಪ್ರತಿಯೊಬ್ಬರ ಎದುರಿಗೂ ಅಲ್ಲಿ ಒಂದು ಸಾಲಾದರೂ ಇದೆಯೇ ಅಂತ ಎಣಿಸಿ ನೋಡಿ.