ಐದು ನ್ಯಾನೊಸೆಕೆಂಡಿನ ಶಿಸ್ತು

ಸಿಎನ್‌ಸಿ ಮಿಲ್ಲಿಂಗ್ ಯಂತ್ರ ಅಲ್ಯೂಮಿನಿಯಂ ತಟ್ಟೆಯಲ್ಲಿ ದುಂಡಗೆ ತೋಡು ಕೊರೆಯುವಾಗ ಕಣ್ಣಿಗೆ ಕಾಣುವುದು ಎಲ್ಲೂ ಕಡಿಯದ ಒಂದೇ ಓಟ. ಒಳಗೆ ನಡೆಯುವುದು ಸಾವಿರಾರು ಪುಟ್ಟ ಹೆಜ್ಜೆಗಳ ಸಾಲು. ಸ್ಟೆಪರ್ ಮೋಟಾರಿಗೆ ಒಂದು ಪಲ್ಸ್ ಕೊಟ್ಟರೆ ಒಂದು ಹೆಜ್ಜೆ ತಿರುಗಿ ನಿಲ್ಲುತ್ತದೆ. ಸಾಮಾನ್ಯವಾಗಿ ಸುತ್ತಿಗೆ 200 ಹೆಜ್ಜೆ. ಡ್ರೈವರ್ ಒಂದೊಂದನ್ನೂ ಎಂಟು ಪಾಲು ಮಾಡಿದರೆ 1600. ಆ ಮೋಟಾರು ತಿರುಗಿಸುವ ಬಾಲ್ ಸ್ಕ್ರೂ ಸುತ್ತಿಗೆ 5 ಮಿ.ಮೀ. ಸಾಗಿಸುವಂಥದ್ದಾದರೆ ಒಂದು ಮಿಲಿಮೀಟರಿಗೆ 320 ಪಲ್ಸ್ ಬೇಕು. ಮೇಜು ಸೆಕೆಂಡಿಗೆ 50 ಮಿ.ಮೀ. ಓಡಬೇಕೆಂದರೆ ಸೆಕೆಂಡಿಗೆ 16,000 ಪಲ್ಸ್, ಅಂದರೆ 62.5 ಮೈಕ್ರೊಸೆಕೆಂಡಿಗೊಂದು.

ಈ ಪಲ್ಸುಗಳು ಹೊತ್ತಿಗೆ ಸರಿಯಾಗಿ ಬರಬೇಕು. ವೇಗವಾಗಿ ತಿರುಗುತ್ತಿರುವ ಮೋಟಾರಿಗೆ ಒಂದು ಪಲ್ಸ್ ತಡವಾಗಿ, ಅದರ ಬೆನ್ನಿಗೇ ಇನ್ನೊಂದು ಬೇಗ ಬಂದರೆ, ಒಮ್ಮೆಲೇ ಮುಂದಕ್ಕೆ ಜಿಗಿ ಎಂದು ಹೇಳಿದಂತಾಗುತ್ತದೆ. ಅಷ್ಟು ಬಲ ಅದಕ್ಕಿಲ್ಲ. ಗುರ್ ಎಂದು ಕಂಪಿಸಿ ಹೆಜ್ಜೆ ತಪ್ಪುತ್ತದೆ. ತಿರುಗಿದ್ದೆಷ್ಟೆಂದು ಅಳೆದು ತಿಳಿಸುವ ಎನ್‌ಕೋಡರ್ ಇಲ್ಲದ ಸ್ಟೆಪರ್ ಯಂತ್ರದಲ್ಲಿ ಈ ಸುದ್ದಿ ಕಂಪ್ಯೂಟರಿಗೆ ತಲುಪುವ ದಾರಿಯೇ ಇಲ್ಲ. ಅಲ್ಲಿಂದ ಮುಂದೆ ಕೊರೆದದ್ದೆಲ್ಲ ತಪ್ಪಿದಷ್ಟೇ ಪಕ್ಕಕ್ಕೆ ಸರಿದಿರುತ್ತದೆ.

ಅಂಗೈಯಗಲದ ಕಂಪ್ಯೂಟರಿನಿಂದ ಇಂಥ ಯಂತ್ರ ನಡೆಸುವವರ ನಿಜವಾದ ಕಷ್ಟ ಇಲ್ಲಿದೆ. ಸೆಕೆಂಡಿಗೆ ಕೋಟ್ಯಂತರ ಲೆಕ್ಕ ಮಾಡುವ ಪ್ರೊಸೆಸರಿಗೆ 16,000 ಪಲ್ಸ್ ಯಾವ ಮೂಲೆಗೆ? ಆದರೆ ಅದರ ಮೇಲೆ ಓಡುವ ಆಪರೇಟಿಂಗ್ ಸಿಸ್ಟಮ್ ಆದ ಲಿನಕ್ಸ್ ನೂರು ಕೆಲಸಗಳ ನಡುವೆ ಹಂಚಿಹೋಗಿರುತ್ತದೆ: ಪರದೆ, ಯುಎಸ್‌ಬಿ, ನೆಟ್‌ವರ್ಕ್, ಮೆಮರಿ ಕಾರ್ಡ್. ಬಹುಪಾಲು ಹೊತ್ತು ತಕ್ಷಣ ಓಗೊಡುತ್ತದೆ. ಒಮ್ಮೊಮ್ಮೆ ಒಂದೆರಡು ಮಿಲಿಸೆಕೆಂಡ್ ಬೇರೆಲ್ಲೋ ಸಿಕ್ಕಿಹಾಕಿಕೊಳ್ಳುತ್ತದೆ. ಅಷ್ಟರಲ್ಲಿ ಮೂವತ್ತು ಪಲ್ಸ್ ತಪ್ಪಿರುತ್ತದೆ. ಹಾಗಾಗಿ ಈ ಕಸುಬಿನವರು ಸರಾಸರಿ ವೇಗವನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಲೇಟೆನ್ಸಿ ಟೆಸ್ಟ್ ಎಂಬ ಪರೀಕ್ಷೆ ಹಚ್ಚಿಟ್ಟು, ಬೇಕೆಂದೇ ದೊಡ್ಡ ಫೈಲುಗಳನ್ನು ನಕಲು ಮಾಡಿ, ಕಿಟಕಿಗಳನ್ನು ತೆರೆದು ಮುಚ್ಚಿ, ಗಂಟೆಗಟ್ಟಲೆ ಕಾಡಿಸಿ, ಕೊನೆಗೆ ಒಂದೇ ಅಂಕಿ ನೋಡುತ್ತಾರೆ: ಅತಿ ಹೆಚ್ಚು ತಡವಾದದ್ದು ಎಷ್ಟು?

ಈ ಕಷ್ಟಕ್ಕೆ ಉತ್ತರ ಹುಡುಕಿದ ಲಿನಕ್ಸ್‌ಸಿಎನ್‌ಸಿ ಎಂಬ ತಂತ್ರಾಂಶದ ಮೂಲ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯಾದ ಎನ್‌ಐಎಸ್‌ಟಿ. 1990ರ ದಶಕದಲ್ಲಿ ಅದು ಇಎಂಸಿ ಹೆಸರಿನಲ್ಲಿ ಬೆಳೆಯಿತು. ಜನರಲ್ ಮೋಟಾರ್ಸ್‌ನ ಪಾಂಟಿಯಾಕ್ ಕಾರ್ಖಾನೆಯ ಮಶಿನಿಂಗ್ ಸೆಂಟರ್ ಮೇಲೆ ಪಳಗಿತು. ಸರ್ಕಾರಿ ಹಣದ ಕೆಲಸವಾದ್ದರಿಂದ ಸಾರ್ವಜನಿಕರ ಸ್ವತ್ತಾಯಿತು, ಆಮೇಲೆ ಹವ್ಯಾಸಿಗಳೂ ವೃತ್ತಿಪರರೂ ಸೇರಿ ಬೆಳೆಸಿದರು. ಮೇಜಿನ ಪಿಸಿಯ ಹಿಂಬದಿಯಲ್ಲಿದ್ದ 25 ಪಿನ್ನಿನ ಪ್ರಿಂಟರ್ ಪೋರ್ಟಿನಿಂದಲೇ ಪಲ್ಸ್ ಕಳಿಸುವುದು ಆಗಿನ ರೂಢಿ. ಪಿಸಿಗಳಿಂದ ಆ ಪೋರ್ಟ್ ಮರೆಯಾದಾಗ ಬೇರೆ ದಾರಿ ಬೇಕಾಯಿತು.

2013ರ ಏಪ್ರಿಲ್‌ನಲ್ಲಿ 45 ಡಾಲರಿಗೆ ಬಂದ ಬೀಗಲ್‌ಬೋನ್ ಬ್ಲ್ಯಾಕ್ ಅಂಥದೊಂದು ದಾರಿ ತೆರೆಯಿತು. ಅದರ 1 ಗಿಗಾಹರ್ಟ್ಸ್ ಪ್ರೊಸೆಸರು, 512 ಎಂಬಿ ಮೆಮರಿ ಹೇಳಿಕೊಳ್ಳುವಂಥವಲ್ಲ. ಅದೇ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಚಿಪ್ಪಿನೊಳಗೆ ಪಿಆರ್‌ಯು ಎಂಬ ಎರಡು ಪುಟ್ಟ ಪ್ರೊಸೆಸರುಗಳಿದ್ದವು. ನನ್ನ ಮೆಚ್ಚುಗೆಯೆಲ್ಲ ಅವುಗಳಿಗೇ. 200 ಮೆಗಾಹರ್ಟ್ಸಿನಲ್ಲಿ ಓಡುವ ಇವು ತಮ್ಮ ಲೆಕ್ಕದ ಒಂದು ಆದೇಶವನ್ನು ಸರಿಯಾಗಿ 5 ನ್ಯಾನೊಸೆಕೆಂಡಿನಲ್ಲಿ ಮುಗಿಸುತ್ತವೆ. ಅವಕ್ಕೆ ಆಪರೇಟಿಂಗ್ ಸಿಸ್ಟಮ್ ಇಲ್ಲ, ಕ್ಯಾಶ್ ಇಲ್ಲ, ನಡುವೆ ಬಂದು ಕರೆಯುವವರೂ ಇಲ್ಲ. ಆರ್30 ಎಂಬ ರಿಜಿಸ್ಟರಿನಲ್ಲಿ ಒಂದು ಬಿಟ್ ಬರೆದರೆ ಅದಕ್ಕೆ ಜೋಡಿಸಿದ ಪಿನ್ನಿನಲ್ಲಿ ಆಗಲೇ ವೋಲ್ಟೇಜ್ ಏರಿರುತ್ತದೆ.

ಚಾರ್ಲ್ಸ್ ಸ್ಟೈನ್‌ಕ್ಯೂಲರ್ ಮೊದಲಾದವರು ಲಿನಕ್ಸ್‌ಸಿಎನ್‌ಸಿಯನ್ನು, ಬಳಿಕ ಅದರಿಂದ ಕವಲೊಡೆದ ಮಶಿನ್‌ಕಿಟ್ಟನ್ನು, ಈ ಬೋರ್ಡಿಗೆ ಹೊಂದಿಸಿ ಕೆಲಸವನ್ನು ಎರಡು ಪಾಲು ಮಾಡಿದರು. ಕೂರಿಗೆ ಬಿತ್ತನೆಯಲ್ಲಿ ಒಬ್ಬರು ಎತ್ತು ಹೊಡೆದು ಸಾಲಿನ ದಿಕ್ಕು, ವೇಗ ನೋಡಿಕೊಂಡರೆ, ಹಿಂದೆ ನಡೆಯುವವರು ಬಟ್ಟಲಿಗೆ ಕಾಳು ಬಿಡುವುದೊಂದನ್ನೇ ಸಮನಾಗಿ ಮಾಡುತ್ತಾರಲ್ಲ, ಹಾಗೆ. ದೊಡ್ಡ ಪ್ರೊಸೆಸರು ಯಂತ್ರಕ್ಕೆ ಆದೇಶ ಬರೆಯುವ ಭಾಷೆಯಾದ ಜಿ-ಕೋಡ್ ಓದಿ, ತಿರುವು ಬರುವ ಮುಂಚೆ ವೇಗ ಇಳಿಸುವುದನ್ನು ಯೋಚಿಸಿ, ಸಾಮಾನ್ಯವಾಗಿ ಮಿಲಿಸೆಕೆಂಡಿಗೊಮ್ಮೆ ‘ಎಕ್ಸ್ ಅಕ್ಷಕ್ಕೆ ಈ ವೇಗ’ ಎಂದು ಬರೆದಿಡುತ್ತದೆ. ಪಿಆರ್‌ಯು ಅದನ್ನು ಓದಿಕೊಂಡು ಪಲ್ಸ್ ಬಿಡುತ್ತದೆ.

ಬಿಡುವ ರೀತಿ ಬಲು ಸೊಗಸು. ಪ್ರತಿ 10 ಮೈಕ್ರೊಸೆಕೆಂಡಿಗೆ ಒಂದು ಸಂಖ್ಯೆಯನ್ನು ಖಾತೆಗೆ ಕೂಡುತ್ತಾ ಹೋಗುತ್ತದೆ. ಸೆಕೆಂಡಿಗೆ 16,000 ಪಲ್ಸ್ ಬೇಕಾದರೆ ಆ ಸಂಖ್ಯೆ 0.16. ಮೊತ್ತ ಒಂದು ಮುಟ್ಟಿದಾಗ ಪಲ್ಸ್ ಹೊರಡುತ್ತದೆ, ಉಳಿಕೆ ಖಾತೆಯಲ್ಲೇ ನಿಲ್ಲುತ್ತದೆ. ಏಳನೆಯ ಸಲ ಮೊತ್ತ 1.12, ಒಂದು ಪಲ್ಸ್, 0.12 ಉಳಿಕೆ. ಆ ಉಳಿಕೆಯ ಬಲದಿಂದ ಮುಂದಿನದು ಆರೇ ಸಲಕ್ಕೆ ಬರುತ್ತದೆ, ಅದರ ಮುಂದಿನದೂ ಆರಕ್ಕೆ, ನಾಲ್ಕನೆಯದೂ ಆರಕ್ಕೆ. ಅಲ್ಲಿಗೆ ಉಳಿಕೆ ಸೊನ್ನೆ. ಏಳು, ಆರು, ಆರು, ಆರು: ಒಟ್ಟು 25 ಸಲ, 250 ಮೈಕ್ರೊಸೆಕೆಂಡ್, ನಾಲ್ಕು ಪಲ್ಸ್. ಸರಾಸರಿ ಚೊಕ್ಕ 62.5. ಬರೀ ಕೂಡುವ ಲೆಕ್ಕ. ಗುಣಾಕಾರವಿಲ್ಲ, ಭಾಗಾಕಾರವಿಲ್ಲ, ದಿನವಿಡೀ ಓಡಿದರೂ ಒಂದು ಪಲ್ಸಿನ ಸಾಲ ಉಳಿಯುವುದಿಲ್ಲ. ಲಿನಕ್ಸ್ ಒಂದಿಷ್ಟು ತಡವರಿಸಿದರೂ ಪಿಆರ್‌ಯು ಹಿಂದಿನ ವೇಗದಲ್ಲೇ ಪಲ್ಸ್ ಬಿಡುತ್ತಿರುತ್ತದೆ, ಮೋಟಾರಿಗೆ ಅದು ಗೊತ್ತೂ ಆಗುವುದಿಲ್ಲ.

ಬೇರೆ ದಾರಿಗಳೂ ಇವೆ. ರಾಸ್ಪ್‌ಬೆರಿ ಪೈ ಬಳಸುವವರು ಪಲ್ಸ್ ಕೆಲಸವನ್ನು ಮೀಸಾ ಕಂಪನಿಯ ಎಫ್‌ಪಿಜಿಎ ಕಾರ್ಡಿಗೆ ವಹಿಸುತ್ತಾರೆ. ನಾರ್ವೆಯ ಸಿಮೆನ್ ಸ್ವಾಲೆ ಸ್ಕೋಗ್ಸ್‌ರುಡ್ 2009ರಲ್ಲಿ ಬರೆದ ಜಿಆರ್‌ಬಿಎಲ್ ಆರ್ಡುಯಿನೊ ಬೋರ್ಡಿನ 2 ಕೆಬಿ ಮೆಮರಿಯಲ್ಲೇ ಮೂರು ಅಕ್ಷಗಳನ್ನು ನಡೆಸುತ್ತದೆ. ಅದೂ ಒಂದು ಪವಾಡವೇ. ಹೊತ್ತಿಗೆ ಸರಿಯಾಗಿ ಓಗೊಡುವಂತೆ ಲಿನಕ್ಸನ್ನು ತಿದ್ದುವ ಪ್ರಿಎಂಪ್ಟ್-ಆರ್‌ಟಿ ಕೂಡ 2024ರಲ್ಲಿ 6.12ನೆಯ ಆವೃತ್ತಿಯ ಮೂಲ ಕರ್ನಲ್‌ಗೇ ಸೇರಿತು. ಎಲ್ಲಿ ನಡೆಸಿದರೂ ಭಾಷೆ ಜಿ-ಕೋಡೇ. ಪೀಣ್ಯದ ಶೆಡ್ಡುಗಳಲ್ಲಿ ದೊಡ್ಡ ಕಂಪನಿಗಳ ಕಂಟ್ರೋಲರಿನ ಮುಂದೆ ಕೆಲಸ ಕಲಿತವರಿಗೆ ಲಿನಕ್ಸ್‌ಸಿಎನ್‌ಸಿ ಪರದೆಯ ಮೇಲಿನ ‘ಜಿ1 ಎಕ್ಸ್20 ಎಫ್600’ ಹೊಸದೆನಿಸುವುದಿಲ್ಲ.

ತಂತಿ ಜೋಡಿಸುವಾಗ ಬೇರೆಯದೇ ಎಚ್ಚರ ಬೇಕು. ಬೀಗಲ್‌ಬೋನಿನ ಪಿನ್ನುಗಳದು 3.3 ವೋಲ್ಟ್, ಬಹಳಷ್ಟು ಡ್ರೈವರುಗಳು ಕೇಳುವುದು 5 ವೋಲ್ಟ್. ನಡುವೆ ಬಫರ್ ಚಿಪ್ ಬೇಕು. ತುರ್ತು ನಿಲುಗಡೆಯ ಕೆಂಪು ಗುಂಡಿ ತಂತ್ರಾಂಶಕ್ಕೆ ಸುದ್ದಿ ಮುಟ್ಟಿಸಿದರೆ ಸಾಲದು, ಮೋಟಾರಿನ ವಿದ್ಯುತ್ತನ್ನೇ ಕಡಿಯಬೇಕು. ಇದರ ಜೊತೆಗೆ ಚಾರ್ಜ್ ಪಂಪ್ ಎಂಬ ಹಳೆಯ ಜಾಣ್ಮೆಯೊಂದಿದೆ. ತಂತ್ರಾಂಶ ಬದುಕಿರುವಷ್ಟು ಹೊತ್ತು ಒಂದು ಪಿನ್ ಏರಿಳಿಯುತ್ತಲೇ ಇರುತ್ತದೆ, ಆ ಏರಿಳಿತವೇ ಒಂದು ರಿಲೇಯನ್ನು ಹಿಡಿದಿರುತ್ತದೆ. ಕಂಪ್ಯೂಟರ್ ಹೆಪ್ಪುಗಟ್ಟಿ ಪಿನ್ ಯಾವ ಸ್ಥಿತಿಯಲ್ಲಿ ನಿಂತರೂ ರಿಲೇ ಬಿದ್ದು ಯಂತ್ರ ನಿಲ್ಲುತ್ತದೆ.

ಇಷ್ಟಾದ ಮೇಲೆ ಉಳಿಯುವುದು ಕೈಗೆಲಸ. ಮೇಜಿನ ಪಕ್ಕ ಅಳತೆಮಾಪಕ ನಿಲ್ಲಿಸಿ, 100 ಮಿ.ಮೀ. ಹೋಗೆಂದು ಹೇಳಿ, ಹೋದದ್ದೆಷ್ಟೆಂದು ನೋಡಬೇಕು. 99.84 ಎಂದು ತೋರಿಸಿದರೆ, ಮಿಲಿಮೀಟರಿಗೆ 320 ಎಂದಿದ್ದ ಲೆಕ್ಕವನ್ನು 320.51ಕ್ಕೆ ತಿದ್ದಬೇಕು. ಸ್ಕ್ರೂವಿನಲ್ಲಿ ಸಡಿಲವಿದೆಯೇ ಎಂದು ಹಿಂದೆ ಮುಂದೆ ಓಡಿಸಿ ಡಯಲ್ ಗೇಜಿನಲ್ಲಿ ಅಳೆದು, ಸಾಧ್ಯವಾದರೆ ನಟ್ಟಿನಲ್ಲೇ ಸರಿಪಡಿಸಿ, ಉಳಿದದ್ದನ್ನು ಮಾತ್ರ ತಂತ್ರಾಂಶದ ಬ್ಯಾಕ್‌ಲ್ಯಾಶ್ ಲೆಕ್ಕಕ್ಕೆ ಬಿಡಬೇಕು. ಕೊನೆಗೆ ವೇಗೋತ್ಕರ್ಷವನ್ನು ಸ್ವಲ್ಪ ಸ್ವಲ್ಪವೇ ಏರಿಸಿ, ಮೋಟಾರಿನ ದನಿ ಒಡೆಯುವ ಹಂತ ಸಿಕ್ಕಿದಾಗ ಅಲ್ಲಿಂದ ಸಾಕಷ್ಟು ಕೆಳಗಿಳಿದು ನಿಲ್ಲಿಸುತ್ತಾರೆ. ಮೇಜಿನ ಮೇಲೆ ಭಾರದ ಕೆಲಸ ಕಟ್ಟಿದ ದಿನ ಮೋಟಾರಿಗೆ ಆ ಉಳಿಸಿಕೊಂಡ ಬಲ ಬೇಕಾಗುತ್ತದೆ.