ಹಳೆ ಜೀಪಿಗೆ ಮೊದಲು ಬ್ರೇಕು

ಕೊಡಚಾದ್ರಿಗೆ ಜೀಪಿನಲ್ಲಿ ಹತ್ತಿದವರಿಗೆ ಆ ದಾರಿ ನೆನಪಿರುತ್ತದೆ, ಗಾಡಿಯ ವಯಸ್ಸು ಗೊತ್ತಿರುವುದಿಲ್ಲ. ಗೊತ್ತಾದರೆ ಕೆಲವರು ಅರ್ಧ ದಾರಿಯಲ್ಲೇ ಇಳಿದು ನಡೆದಾರು. ಮಡಿಕೇರಿಯಿಂದ ಮಾಂದಲಪಟ್ಟಿಗೆ ಕರೆದೊಯ್ಯುವ ಜೀಪುಗಳಲ್ಲೂ ಹಳಬರು ಬೇಕಷ್ಟಿದ್ದಾರೆ. ಸ್ಪೀಡೋಮೀಟರಿನ ಮುಳ್ಳು ಸೊನ್ನೆ ಬಿಟ್ಟು ಏಳುವುದಿಲ್ಲ, ಬಾಗಿಲು ಇದ್ದರೂ ಇದ್ದಂತಲ್ಲ. ಆದರೂ ಕಲ್ಲು ಎದ್ದ ಏರಿನಲ್ಲಿ ಗಾಡಿ ಜನರನ್ನು ಹೊತ್ತು ಗೊಣಗುತ್ತಲೇ ಹತ್ತುತ್ತದೆ.

ಇವುಗಳ ಒಡಹುಟ್ಟಿದವು ಇನ್ನೊಂದಷ್ಟು ಮಲೆನಾಡಿನ ಮನೆಗಳ ಹಿಂದೆ, ಅಡಿಕೆ ಸಿಪ್ಪೆಯ ರಾಶಿ ಮತ್ತು ಬೋರ್ಡೋ ಡ್ರಮ್ಮುಗಳ ಪಕ್ಕ, ಟೈರಿನ ಗಾಳಿ ಇಳಿದು ನಿಂತಿವೆ. ತೋಟದ ಆಳುಗಳನ್ನು ಕರೆತಂದು, ಗೊಬ್ಬರ ಹೊತ್ತು, ಮಳೆಗಾಲದ ನಡುರಾತ್ರಿ ಹೆರಿಗೆ ನೋವಿನವರನ್ನು ಪೇಟೆ ಮುಟ್ಟಿಸಿದ ಗಾಡಿಗಳು. ಮನೆಗೆ ಕಾರು ಬಂದ ದಿನ ಇವು ಶೆಡ್ಡು ಸೇರಿದವು. ಈಗ ಬೆಂಗಳೂರಿನಲ್ಲಿ ಕೆಲಸದಲ್ಲಿರುವ ಮೊಮ್ಮಕ್ಕಳು ವಾರದ ಕೊನೆಗೆ ಊರಿಗೆ ಬಂದು ಅವುಗಳ ಬಾನೆಟ್ ಎತ್ತುತ್ತಿದ್ದಾರೆ. ಇದನ್ನು ಹೇಳಿಕೊಡುವ ಶಾಲೆಯಿಲ್ಲ. ಪೇಟೆಯ ಹಳೆ ಮೇಸ್ತ್ರಿ, ಪಕ್ಕದ ಲೇತ್ ಅಂಗಡಿ, ಗುಜರಿ ಮತ್ತು ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳು, ಇಷ್ಟೇ ಇದರ ವಿಶ್ವವಿದ್ಯಾಲಯ.

ಅಂಗಳದಲ್ಲೇ ಇದನ್ನೆಲ್ಲ ಮಾಡಲು ಆಗುವುದು ಗಾಡಿ ಹುಟ್ಟಿದ ರೀತಿಯಿಂದಾಗಿ. 1940ರಲ್ಲಿ ಅಮೆರಿಕದ ಸೇನೆ ನಾಲ್ಕೂ ಚಕ್ರ ಎಳೆಯುವ ಹಗುರ ಗಾಡಿ ಬೇಕೆಂದಾಗ, ಮೊದಲ ಮಾದರಿ ತಂದು ನಿಲ್ಲಿಸಲು ಕೊಟ್ಟ ಗಡುವು 49 ದಿನ. ಅದಕ್ಕೆ ಒಪ್ಪಿ ಗಾಡಿ ಕಟ್ಟಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪನಿ. ದೊಡ್ಡ ಆರ್ಡರು ಹೋದದ್ದು ವಿಲ್ಲೀಸ್ ಮತ್ತು ಫೋರ್ಡ್‌ಗೆ. ಬುದ್ಧಿ ಒಬ್ಬರದು, ಲಾಭ ಇನ್ನೊಬ್ಬರದು ಎನ್ನುವುದು ಯಂತ್ರಗಳ ಚರಿತ್ರೆಯಲ್ಲಿ ಹೊಸದೇನಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಆರು ಲಕ್ಷಕ್ಕೂ ಹೆಚ್ಚು ಜೀಪುಗಳು ತಯಾರಾಗಿದ್ದವು. ಎರಡು ಕಂಪನಿಗಳು ಮಾಡಿದ ಭಾಗಗಳು ಒಂದರಲ್ಲೊಂದು ಕೂರಬೇಕು, ಸಿಪಾಯಿಯೊಬ್ಬ ಕೆಸರಿನಲ್ಲಿ ಮಲಗಿಕೊಂಡೇ ಅವನ್ನು ಬಿಚ್ಚಿ ಜೋಡಿಸಬೇಕು. ಆ ಹಟ ವಿನ್ಯಾಸದೊಳಗೇ ಉಳಿದುಬಿಟ್ಟಿತು.

ನಮ್ಮಲ್ಲಿ ಸ್ವಾತಂತ್ರ್ಯದ ಆಸುಪಾಸಿನಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಭಾಗಗಳನ್ನು ತರಿಸಿ ಮುಂಬೈಯಲ್ಲಿ ಜೋಡಿಸತೊಡಗಿತು. ಮುಂದೆ ಇಲ್ಲೇ ತಯಾರಾದ ಸಿಜೆ3ಬಿ ಮಲೆನಾಡಿನ ಹಿರಿಯರಿಗೆ ಮುಖಪರಿಚಯವಿರುವ ಜೀಪು. ಅದರ ಬಾನೆಟ್ ಅಷ್ಟು ಎತ್ತರವಾಗಿರುವುದು ಚೆಂದಕ್ಕಲ್ಲ. ಒಳಗಿನ 2.2 ಲೀಟರಿನ ಹರಿಕೇನ್ ಪೆಟ್ರೋಲ್ ಎಂಜಿನ್ನಿಗೆ ಇನ್‌ಟೇಕ್ ವಾಲ್ವ್ ಮೇಲೆ ಹೆಡ್ಡಿನಲ್ಲಿ, ಎಕ್ಸಾಸ್ಟ್ ವಾಲ್ವ್ ಕೆಳಗೆ ಬ್ಲಾಕಿನಲ್ಲಿ. ಹಿಂದಿನ ಎಂಜಿನ್ನಿಗಿಂತ ಅದು ಎತ್ತರವಾಯಿತು, ಬಾನೆಟ್ಟೂ ಮೇಲೆದ್ದಿತು. ಪೆಟ್ರೋಲ್ ದುಬಾರಿಯಾದ ಮೇಲೆ ಟ್ರ್ಯಾಕ್ಟರ್ ವಂಶದ ಇಂಟರ್‌ನ್ಯಾಷನಲ್ ಡೀಸೆಲ್ ಎಂಜಿನ್ ಬಂತು, ಎಂಎಂ540ರಲ್ಲಿ ಪ್ಯೂಜೊ ಡೀಸೆಲ್ ಬಂತು. 2010ರಲ್ಲಿ ಥಾರ್ ಬರುವವರೆಗೂ ಹಳೆ ಜೀಪಿನ ಎಲುಬು ಹೆಚ್ಚು ಬದಲಾಗಲಿಲ್ಲ. ಐವತ್ತು ವರ್ಷದ ಗಾಡಿಗೂ ಸಾಮಾನು ಸಿಗುವ ಗುಟ್ಟು ಇದೇ.

ಗಾಡಿ ಕೈಗೆ ಬಂದೊಡನೆ ಹೊಸಬರು ಮಾಡುವ ಕೆಲಸ ಒಂದಿದೆ: ದಪ್ಪ ಟೈರು, ಎಲ್‌ಇಡಿ ದೀಪದ ಸಾಲು, ಮುಂದೊಂದು ವಿಂಚು. ಫೋಟೋಕ್ಕೆ ಚೆನ್ನಾಗಿರುತ್ತದೆ. ಆದರೆ ಟೈರು ದೊಡ್ಡದಾದಷ್ಟೂ ಹಳೆ ಬ್ರೇಕು, ಹಳೆ ಸ್ಟಿಯರಿಂಗ್ ಎರಡಕ್ಕೂ ಹೊರೆ. ನನ್ನ ಮಟ್ಟಿಗೆ ಕ್ರಮ ಸ್ಪಷ್ಟ: ಮೊದಲು ನಿಲ್ಲಬೇಕು, ಆಮೇಲೆ ನೆಟ್ಟಗೆ ಹೋಗಬೇಕು, ಆಮೇಲೆ ಹತ್ತಬೇಕು.

ಹಳೆ ಜೀಪಿನ ಬ್ರೇಕು ಒಂದೇ ಸರ್ಕಿಟ್ಟಿನದು. ಒಂದು ಚಕ್ರದ ಹೋಸ್ ಒಡೆದರೆ ಸಾಕು, ನಾಲ್ಕೂ ಚಕ್ರದ ಬ್ರೇಕು ಹೋಗುತ್ತದೆ. ಮಾಸ್ಟರ್ ಸಿಲಿಂಡರ್ ಕೂತಿರುವುದು ಕಾಲಡಿಯ ತಗಡಿನ ಕೆಳಗೆ, ಕೆಸರು ನೇರವಾಗಿ ಹಾರುವ ಜಾಗದಲ್ಲಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಆ ನೀರು ಒಳಗಿಂದಲೇ ತುಕ್ಕು ಹಿಡಿಸುತ್ತದೆ. ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ವೀಲ್ ಸಿಲಿಂಡರ್, ಹೋಸ್, ಲೋಹದ ಪೈಪು ಅಷ್ಟನ್ನೂ ಹೊಸದಾಗಿಸುವುದೇ ಸರಿ. ಇಲ್ಲಿ ಉಳಿತಾಯದ ಲೆಕ್ಕ ಹಾಕಬೇಡಿ. ಡ್ರಮ್ ತೆಗೆದಾಗ ಒಳಗಿನ ಧೂಳನ್ನು ಊದಬೇಡಿ, ಹಳೆ ಲೈನರುಗಳಲ್ಲಿ ಆಸ್‌ಬೆಸ್ಟಾಸ್ ಇರಬಹುದು. ಒದ್ದೆ ಬಟ್ಟೆಯಲ್ಲಿ ಒರೆಸಿ. ಎಲ್ಲ ಕಟ್ಟಿದ ಮೇಲೆ ಮಾಸ್ಟರ್ ಸಿಲಿಂಡರಿಗೆ ತೀರ ದೂರದ ಚಕ್ರದಿಂದ ಶುರುಮಾಡಿ ಏರ್ ತೆಗೆಯಬೇಕು. ಪೆಡಲ್ ಒತ್ತಲು ಮನೆಯವರೊಬ್ಬರು ಬೇಕು. ಈ ಹವ್ಯಾಸಕ್ಕೆ ಮನೆಯವರ ಒಪ್ಪಿಗೆ ಇದೆಯೋ ಇಲ್ಲವೋ ಎಂಬುದು ಗೊತ್ತಾಗುವುದೂ ಇಲ್ಲೇ.

ಇಷ್ಟಾದ ಮೇಲೆ ಸುಧಾರಣೆಯ ಮಾತು. ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆಬೇರೆ ದಾರಿ ಕೊಡುವ ಟ್ಯಾಂಡಮ್ ಮಾಸ್ಟರ್ ಸಿಲಿಂಡರ್ ಹಾಕಿಸುವುದು ಹಳೆ ಜೀಪಿಗೆ ಮಾಡಬಹುದಾದ ಅತ್ಯಂತ ಬೆಲೆಯುಳ್ಳ ಉಪಕಾರ. ಮುಂದಕ್ಕೆ ಡಿಸ್ಕ್ ಬ್ರೇಕು ಕೂರಿಸುವವರೂ ಇದ್ದಾರೆ. ಹೊಳೆ ದಾಟಿದ ಮೇಲೆ ಒದ್ದೆಯಾದ ಡ್ರಮ್ ಬ್ರೇಕು ಸ್ವಲ್ಪ ಹೊತ್ತು ಹಿಡಿಯುವುದೇ ಇಲ್ಲ, ಡಿಸ್ಕಿಗೆ ಆ ತೊಂದರೆ ಕಡಿಮೆ.

ಸ್ಟಿಯರಿಂಗಿನದು ಇನ್ನೊಂದು ಕತೆ. ಬಾಕ್ಸಿನಿಂದ ಬಂದ ರಾಡು ನೇರವಾಗಿ ಚಕ್ರ ತಿರುಗಿಸುವುದಿಲ್ಲ. ನಡುವೆ ಬೆಲ್ ಕ್ರ್ಯಾಂಕ್ ಎಂಬ ಮೊಳಕೈಯಂಥ ತುಂಡೊಂದಿದೆ. ಅದರ ಬುಷ್ ಸವೆದರೆ ಸ್ಟಿಯರಿಂಗ್ ತಿರುಗಿಸಿದ ಎಷ್ಟೋ ಹೊತ್ತಿಗೆ ಗಾಡಿ ತಿರುಗುತ್ತದೆ. ಇದರ ಜೊತೆಗೆ ಟೈ ರಾಡ್ ಎಂಡ್, ಕಿಂಗ್‌ಪಿನ್ ಬೇರಿಂಗ್ ಸಡಿಲವಾಗಿದ್ದರೆ, ಟಾರು ರಸ್ತೆಯ ಗುಂಡಿಗೆ ಬಿದ್ದೊಡನೆ ಮುಂದಿನ ಚಕ್ರಗಳು ಗಡಗಡ ನಡುಗುತ್ತವೆ. ಸ್ಟಿಯರಿಂಗ್ ಕೈಯಿಂದ ಕಿತ್ತುಕೊಂಡು ಹೋಗುವಷ್ಟು. ದೋಷ ಎಲ್ಲಿದೆ ಎಂದು ನೋಡಲು ದುಡ್ಡು ಬೇಕಿಲ್ಲ. ಮುಂದಿನ ಚಕ್ರವನ್ನು ನೆಲದಿಂದ ಎತ್ತಿ, ಟೈರನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಆಟ ಇದ್ದರೆ ಒಬ್ಬರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ, ಮತ್ತೆ ಅಲುಗಿಸಿ. ಆಟ ನಿಂತರೆ ವೀಲ್ ಬೇರಿಂಗ್, ನಿಲ್ಲದಿದ್ದರೆ ಕಿಂಗ್‌ಪಿನ್. ಪವರ್ ಸ್ಟಿಯರಿಂಗ್ ಹಾಕಿಸಿಬಿಟ್ಟರೆ ಎಲ್ಲ ಸರಿಹೋಗುತ್ತದೆ ಎಂದು ಹೇಳುವವರನ್ನು ನಂಬಬೇಡಿ. ಸವೆದ ಕೀಲುಗಳ ಮೇಲೆ ಪವರ್ ಸ್ಟಿಯರಿಂಗ್ ಕೂರಿಸಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ.

ಎಂಜಿನ್ ಬಗ್ಗೆ ಎಲ್ಲರಿಗೂ ಆತುರ. ಬಹಳ ಕಾಲ ನಿಂತ ಎಂಜಿನ್ನಿಗೆ ಹೊಸ ಬ್ಯಾಟರಿ ಹಾಕಿ ಸೆಲ್ಫ್ ಹೊಡೆಯುವುದು ಅದನ್ನು ಕೊಲ್ಲುವ ಸುಲಭ ದಾರಿ. ಪ್ಲಗ್ಗೋ ನಾಜಲ್ಲೋ ಬಿಚ್ಚಿ, ಸಿಲಿಂಡರುಗಳಿಗೆ ಸ್ವಲ್ಪ ಎಂಜಿನ್ ಆಯಿಲ್ ಬಿಟ್ಟು ನೆನೆಯಲು ಬಿಡಿ. ಆಮೇಲೆ ಕೈಯಲ್ಲಿ ತಿರುಗಿಸಿ ನೋಡಿ. ಸಲೀಸಾಗಿ ತಿರುಗಿದರೆ ಅರ್ಧ ಗೆದ್ದಂತೆ. ಡೀಸೆಲ್ ಆದರೆ ಟ್ಯಾಂಕು ತೊಳೆದು, ಫಿಲ್ಟರ್ ಬದಲಿಸಿ, ಲೈನಿನ ಏರ್ ತೆಗೆಯಬೇಕು. ಪಂಪ್ ಮತ್ತು ಕಳಚಿದ ನಾಜಲ್‌ಗಳ ಒಳಭಾಗವನ್ನು ಮಾತ್ರ ಮನೆಯಲ್ಲಿ ಬಿಚ್ಚಬೇಡಿ, ಅದಕ್ಕೆಂದೇ ಇರುವ ಅಂಗಡಿಗೆ ಕೊಡಿ.

ಗೇರ್ ಲಿವರಿನ ಪಕ್ಕದ ಎರಡು ಸಣ್ಣ ಲಿವರುಗಳೇ ಜೀಪಿನ ಜೀವ. ಒಂದು ಮುಂದಿನ ಚಕ್ರಗಳನ್ನು ಕೆಲಸಕ್ಕೆ ಕರೆಯುತ್ತದೆ, ಇನ್ನೊಂದು ಲೋ ಹಾಕುತ್ತದೆ. ವಿಲ್ಲೀಸ್ ಲೋದಲ್ಲಿ ಎಂಜಿನ್ನಿನ ಎಳೆತ 2.46 ಪಟ್ಟು ಹೆಚ್ಚುತ್ತದೆ, ಗಾಡಿ ಅಷ್ಟೇ ನಿಧಾನವಾಗುತ್ತದೆ. ಕಡಿದಾದ ಇಳಿಜಾರಿನಲ್ಲಿ ಬ್ರೇಕು ಮುಟ್ಟದೆ ಇಳಿಸುವುದು ಈ ಲೋ. ಒಣ ಟಾರು ರಸ್ತೆಯಲ್ಲಿ ಫೋರ್ ವೀಲ್ ಹಾಕಿ ತಿರುವು ತೆಗೆದರೆ ಗೇರುಗಳು ಒಂದನ್ನೊಂದು ಕಚ್ಚಿ ಹಿಡಿದು ಲಿವರ್ ಬಿಡುವುದೇ ಇಲ್ಲ. ಇದನ್ನು ಕಂಡು ಗಾಡಿ ಕೆಟ್ಟಿತೆಂದು ಹೆದರುವವರು ಬಹಳ. ನೀರಿಗಿಳಿದು ಬಂದ ಮೇಲೆ ಡಿಫರೆನ್ಷಿಯಲ್ ಆಯಿಲ್ ನೋಡಲೇಬೇಕು. 90 ನಂಬರ್ ಆಯಿಲ್ ಬಿಳಿಚಿ ನೊರೆಗಟ್ಟಿದ್ದರೆ ಒಳಗೆ ನೀರು ಸೇರಿದೆ, ತಡಮಾಡದೆ ಬದಲಿಸಿ. ಬ್ರೀದರಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಎತ್ತರಕ್ಕೆ ಕಟ್ಟಿದರೆ ಈ ಕಾಟ ಬಹುಪಾಲು ತಪ್ಪುತ್ತದೆ. ನೂರಿನ್ನೂರು ರೂಪಾಯಿಯ ಈ ಪೈಪಿನ ಮುಂದೆ ಎಷ್ಟೋ ದುಬಾರಿ ಸಾಮಾನು ದಂಡ. ಮಣ್ಣಿನ ಏರಿಗೆ ಮಳೆಗಾಲದಲ್ಲಿ ಟೈರಿಗೆ ಕಬ್ಬಿಣದ ಚೈನ್ ಕಟ್ಟುವ ತೋಟದ ಡ್ರೈವರುಗಳಿಗೆ ದಪ್ಪ ಟೈರಿನ ಜಾಹೀರಾತು ನಗು ತರಿಸುವುದರಲ್ಲಿ ಆಶ್ಚರ್ಯವಿಲ್ಲ.

ಸಣ್ಣ ಎಚ್ಚರಗಳು ಕೆಲವಿವೆ. ಹಳೆಯ ವಿಲ್ಲೀಸ್‌ಗಳಲ್ಲಿ ಎಡಗಡೆ ಚಕ್ರದ ನಟ್ಟುಗಳಿಗೆ ಉಲ್ಟಾ ಮರೆ. ಇದು ಗೊತ್ತಿಲ್ಲದೆ ಸ್ಪಾನರಿಗೆ ಪೈಪು ಸಿಕ್ಕಿಸಿ ಬಲ ಹಾಕಿದರೆ ಸ್ಟಡ್ಡೇ ತುಂಡಾಗುತ್ತದೆ. ಸಿಜೆ3ಬಿಯ ಪೆಟ್ರೋಲ್ ಟ್ಯಾಂಕ್ ಇರುವುದು ಡ್ರೈವರ್ ಸೀಟಿನ ಕೆಳಗೆ. ತುಕ್ಕು ತಿಂದ ಫ್ಲೋರಿಗೆ ವೆಲ್ಡಿಂಗ್ ಮಾಡಿಸುವ ಮುನ್ನ ಟ್ಯಾಂಕನ್ನು ಕಳಚಿ ದೂರ ಇಡಬೇಕು. ಜಾಕಿನ ಮೇಲೆ ಮಾತ್ರ ನಿಂತ ಗಾಡಿಯಡಿಗೆ ತಲೆ ಹಾಕಬೇಡಿ. ಹಾಲೋಬ್ಲಾಕ್ ಕೊಟ್ಟಿದ್ದೇನೆ ಎನ್ನುವುದು ಸಮಾಧಾನವಲ್ಲ, ಅದು ಒಂದೇ ಏಟಿಗೆ ಪುಡಿಯಾಗುತ್ತದೆ. ಕಬ್ಬಿಣದ ಸ್ಟ್ಯಾಂಡ್ ಕೊಡಿ.

ಕಾನೂನಿನ ಗೆರೆ ಎಲ್ಲಿದೆ ಎಂಬುದನ್ನೂ ಹೇಳಬೇಕು. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಚಾಸಿಸ್ ಕತ್ತರಿಸಿ ಉದ್ದ ಮಾಡುವುದು, ಬೇರೆ ಜಾತಿಯ ಎಂಜಿನ್ ತುರುಕುವುದು ಇಂಥವು ಗುಡ್ಡದಲ್ಲಿ ನಡೆದಾವು, ಆರ್‌ಟಿಒ ಕಚೇರಿಯಲ್ಲಿ ನಡೆಯುವುದಿಲ್ಲ. ಎಂಜಿನ್ ಬದಲಿಸುವುದಿದ್ದರೆ ಮೊದಲೇ ಅನುಮತಿ ಪಡೆದು ಆರ್‌ಸಿಯಲ್ಲಿ ಬರೆಸಬೇಕು. ಹದಿನೈದು ವರ್ಷ ದಾಟಿದ ಸ್ವಂತ ಬಳಕೆಯ ಗಾಡಿಯನ್ನು ತಪಾಸಣೆಗೆ ಒಯ್ದು ಐದೈದು ವರ್ಷಕ್ಕೆ ನೋಂದಣಿ ನವೀಕರಿಸಬೇಕು, ಹಸಿರು ತೆರಿಗೆ ಕಟ್ಟಬೇಕು.

ಆದ್ದರಿಂದ ಅಜ್ಜನ ಗಾಡಿಯೇ ಇರಲಿ, ಗುಜರಿಯಲ್ಲಿ ಕಂಡದ್ದೇ ಇರಲಿ, ಮೊದಲ ನಟ್ಟು ಸಡಿಲಿಸುವ ಮುನ್ನ ಆರ್‌ಸಿ ಹುಡುಕಿ ತೆಗೆಯಿರಿ. ಚಾಸಿಸ್ ಮೇಲಿನ ತುಕ್ಕನ್ನು ಉಜ್ಜಿ, ಅಲ್ಲಿ ಕೊರೆದಿರುವ ನಂಬರನ್ನು ಕಾಗದದ ನಂಬರಿನೊಂದಿಗೆ ತಾಳೆ ನೋಡಿ. ತಾಳೆಯಾಗದ ಗಾಡಿಗೆ ಒಂದು ರೂಪಾಯಿಯನ್ನೂ ಹಾಕಬೇಡಿ.