ಶ್ರೀರಂಗಪಟ್ಟಣದ ವಿದೇಶಾಂಗ ನೀತಿ: ಗುಟ್ಟು ರಟ್ಟಾದ ಒಂದು ಒಪ್ಪಂದ

ಮಂಡ್ಯ ಜಿಲ್ಲೆಯ ಪಾಂಡವಪುರಕ್ಕೆ ಹಿಂದೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರಿತ್ತು. ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿನ ಬಂಡೆಗಳ ಬಳಿ ಬೀಡುಬಿಟ್ಟಿದ್ದುದೇ ಈ ಹೆಸರಿಗೆ ಕಾರಣ. ಶ್ರೀರಂಗಪಟ್ಟಣದ ಆಸ್ಥಾನವು ಫ್ರಾನ್ಸಿನೊಡನೆ ನಡೆಸಿದ ವ್ಯವಹಾರವು ಇಂದಿನ ವಾಣಿಜ್ಯೋದ್ಯಮಿಗಳಿಗೂ ವಿಚಾರಯೋಗ್ಯವಾಗಿದೆ.

ಟಿಪ್ಪುವಿನ ರಾಜತಂತ್ರದಲ್ಲಿ ವ್ಯಾಪಾರಕ್ಕೆ ಪ್ರಮುಖ ಸ್ಥಾನವಿತ್ತು. ಶ್ರೀಗಂಧ, ಕಾಳುಮೆಣಸು, ಏಲಕ್ಕಿಗಳ ವಹಿವಾಟನ್ನು ಸರ್ಕಾರವೇ ವಹಿಸಿಕೊಂಡಿತ್ತು. ಮಸ್ಕತ್‌ನಲ್ಲಿ ಮೈಸೂರಿನ ಕೋಠಿಯೊಂದಿತ್ತು. 1787ರಲ್ಲಿ ಹೊರಟ ಮೂವರು ರಾಯಭಾರಿಗಳು 1788ರ ಆಗಸ್ಟ್‌ನಲ್ಲಿ ವರ್ಸೈಲ್ಸ್ ಅರಮನೆಯಲ್ಲಿ ದೊರೆ 16ನೇ ಲೂಯಿಯನ್ನು ಕಂಡರು. ಅವರು ಸೈನಿಕ ನೆರವಿನ ಜೊತೆಗೆ ಕುಶಲಕರ್ಮಿಗಳನ್ನೂ ಗಿಡ-ಬೀಜಗಳನ್ನೂ ಕೋರಿದರು. ಬೊಕ್ಕಸ ಬರಿದಾಗಿದ್ದ ದೊರೆಯಿಂದ ಸೈನ್ಯ ದೊರೆಯಲಿಲ್ಲ. ಮರುವರ್ಷವೇ ಫ್ರಾನ್ಸಿನಲ್ಲಿ ಮಹಾಕ್ರಾಂತಿ ಸಂಭವಿಸಿತು.

1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಟಿಪ್ಪು ಅರ್ಧ ರಾಜ್ಯವನ್ನು ಕಳೆದುಕೊಂಡನು. 3 ಕೋಟಿ 30 ಲಕ್ಷ ರೂಪಾಯಿ ದಂಡಕ್ಕೆ ಇಬ್ಬರು ಪುತ್ರರನ್ನು ಒತ್ತೆಯಿಡಬೇಕಾಯಿತು. ಅದೇ ವರ್ಷ ಫ್ರಾನ್ಸ್ ಗಣರಾಜ್ಯವಾಯಿತು. 1797ರಲ್ಲಿ ಮಂಗಳೂರಿಗೆ ಬಂದಿಳಿದ ರಿಪೋ ಎಂಬ ನಾವಿಕನು, ಮಾರಿಷಸ್ ದ್ವೀಪದಲ್ಲಿ ದೊಡ್ಡ ಫ್ರೆಂಚ್ ಸೈನ್ಯ ಸಿದ್ಧವಾಗಿದೆಯೆಂದು ನಂಬಿಸಿದನು. ಅವನ ಮುಂದಾಳ್ತನದಲ್ಲಿ ಶ್ರೀರಂಗಪಟ್ಟಣದ ಫ್ರೆಂಚರು ಜಾಕೋಬಿನ್ ಕ್ಲಬ್ ಸ್ಥಾಪಿಸಿ ‘ಸ್ವಾತಂತ್ರ್ಯ ವೃಕ್ಷ’ ನೆಟ್ಟರೆಂದು ಬ್ರಿಟಿಷರು ಪ್ರಕಟಿಸಿದ ಕಾಗದಪತ್ರಗಳು ಹೇಳುತ್ತವೆ. ಅವುಗಳ ವಿಶ್ವಾಸಾರ್ಹತೆಯನ್ನು ಕೆಲವು ಇತಿಹಾಸಕಾರರು ಪ್ರಶ್ನಿಸಿದ್ದಾರೆ.

ರಿಪೋನ ಮಾತನ್ನು ನಂಬಿ ಟಿಪ್ಪು ಕಳುಹಿಸಿದ ದೂತರು 1798ರ ಜನವರಿಯಲ್ಲಿ ಮಾರಿಷಸ್ ತಲುಪಿದರು. ಅಲ್ಲಿ ಕೊಡಲು ಸೈನ್ಯವೇ ಇರಲಿಲ್ಲ. ಗವರ್ನರ್ ಮಲಾರ್ತಿಕ್ ಜನವರಿ 30ರಂದು ಬಹಿರಂಗ ಘೋಷಣೆ ಹೊರಡಿಸಿ, ಬ್ರಿಟಿಷರ ವಿರುದ್ಧ ಟಿಪ್ಪುವಿನ ಪರ ಹೋರಾಡಲು ಸ್ವಯಂಸೇವಕರನ್ನು ಆಹ್ವಾನಿಸಿದನು. ಹೊರಟು ಬಂದವರು ಸುಮಾರು ನೂರು ಮಂದಿ ಮಾತ್ರ. ಘೋಷಣೆಯ ಪ್ರತಿಯಾದರೋ ಜೂನ್‌ನಲ್ಲಿ ಕಲ್ಕತ್ತೆಯನ್ನು ತಲುಪಿತು. ಗವರ್ನರ್ ಜನರಲ್ ವೆಲ್ಲೆಸ್ಲಿಗೆ ಯುದ್ಧಕ್ಕೆ ಬೇಕಿದ್ದ ನೆಪ ದೊರಕಿತು.

ಅದೇ ವರ್ಷ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದನಾದರೂ ಆಗಸ್ಟ್‌ನಲ್ಲಿ ನೈಲ್ ಕದನದಲ್ಲಿ ಅವನ ನೌಕಾಪಡೆ ನಾಶವಾಯಿತು. 1799ರ ಜನವರಿಯಲ್ಲಿ ಅವನು ಟಿಪ್ಪುವಿಗೆ ಬರೆದ ಪತ್ರ ಬ್ರಿಟಿಷರ ಕೈಸೇರಿತು. ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಿತು. ಟಿಪ್ಪು ಹೋರಾಡುತ್ತಲೇ ಮಡಿದನು.

ಬ್ರಿಟಿಷರನ್ನು ಎದುರಿಸಲು ಹೊರಗಿನ ಮಿತ್ರರನ್ನು ಅರಸಿದ ಟಿಪ್ಪುವಿನ ನೀತಿ ಅವಿವೇಕದ್ದಾಗಿರಲಿಲ್ಲ. ಆದರೆ ಸರಕು ಕೈಸೇರುವ ಮುನ್ನವೇ ಒಪ್ಪಂದದ ಸುದ್ದಿ ಎದುರಾಳಿಯನ್ನು ಮುಟ್ಟಿತು. ಮಧ್ಯವರ್ತಿಯ ಭರವಸೆಯನ್ನೇ ನಂಬಿ, ಸರಕು ಒದಗಿಸುವವನ ಶಕ್ತಿಯನ್ನು ಪರಿಶೀಲಿಸದೆ ಮುಂದುವರಿದರೆ ಎಂತಹ ನಷ್ಟ ಒದಗಬಹುದೆಂಬುದಕ್ಕೆ ಕಾವೇರಿ ತೀರದ ಈ ಕೋಟೆ ಸಾಕ್ಷಿಯಾಗಿ ನಿಂತಿದೆ.